ಕಬ್ಬಿಣ ತಟ್ಟೆಯಲ್ಲಿದೆ, ರಕ್ತಕ್ಕೆ ಇಳಿಯುತ್ತಿಲ್ಲ ಏಕೆ?

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲೋ ಅದರ ಪಕ್ಕದ ಹಳ್ಳಿಯಲ್ಲೋ ಇರಬಹುದಾದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸೊಸೆ ಐದು ತಿಂಗಳ ಬಸುರಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾಳೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.4 ಎಂದು ಬರೆದಿದೆ. ಅತ್ತೆಗೆ ಸಿಟ್ಟೂ ಬಂದಿದೆ, ಗಾಬರಿಯೂ ಆಗಿದೆ. "ನಮ್ಮ ಮನ್ಯಾಗ ಉಣ್ಣಾಕ ತಿನ್ನಾಕ ಏನು ಕಡಿಮಿ ಐತಿ? ವಾರಕ್ಕೊಮ್ಮೆ ಗೋಷ್ ಇರ್ತೈತಿ. ರೊಟ್ಟಿ, ಕಾಳಪಲ್ಯ ದಿನಾ ಇರ್ತೈತಿ. ರಕ್ತ ಯಾಕ ಕಡಿಮಿ ಆಗತೈತಿ?"

ಅತ್ತೆಯ ಪ್ರಶ್ನೆ ನ್ಯಾಯವಾದದ್ದು. ಮನೆಯಲ್ಲಿ ಊಟಕ್ಕೆ ಕೊರತೆ ಇಲ್ಲದಿದ್ದರೂ ರಕ್ತಕ್ಕೆ ಕೊರತೆ ಆಗುತ್ತದೆ. ಆಹಾರದಿಂದ ಆರೋಗ್ಯ ಕಾಪಾಡಿಕೊಳ್ಳಬೇಕು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಏನು ತಿನ್ನಬೇಕು ಎಂಬುದರ ಬಗ್ಗೆ ಇರುವಷ್ಟು ಕಾಳಜಿ, ಅದನ್ನು ಯಾವುದರ ಜೊತೆ, ಯಾವಾಗ, ಮನೆಯಲ್ಲಿ ಯಾರು ತಿನ್ನುತ್ತಾರೆ ಎಂಬುದರ ಬಗ್ಗೆ ಇರುವುದಿಲ್ಲ. ರಕ್ತಹೀನತೆಯ ವಿಷಯದಲ್ಲಿ ಈ ಮೂರೇ ದೊಡ್ಡ ಪ್ರಶ್ನೆಗಳು.

ಇದು ಒಂದು ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ನೂರಕ್ಕೆ ಸುಮಾರು 48. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಮೂವರಲ್ಲಿ ಇಬ್ಬರಿಗೆ. ಬಡವರಿಗೆ ಮಾತ್ರ ಬರುವ ಕಾಯಿಲೆ ಎಂದು ಯಾರೂ ನಿಶ್ಚಿಂತರಾಗಿ ಕೂರುವಂತಿಲ್ಲ.

ಬಸುರಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಸುರಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ, ಗಂಡಸರಲ್ಲಿ 13ಕ್ಕಿಂತ ಕಡಿಮೆ. ಬಸುರಿಯಲ್ಲಿ 7ಕ್ಕಿಂತ ಕೆಳಗೆ ಇಳಿದರೆ ಅದು ತೀವ್ರ. ಅಂಥವರು ಮನೆಯಲ್ಲಿ ಕುಳಿತು ಸೊಪ್ಪು, ಬೆಲ್ಲ ಎಂದು ಕಾಲ ಕಳೆಯುವಂತೆಯೇ ಇಲ್ಲ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಲ್ಲಿ ಒಂದಷ್ಟು ರಕ್ತ ಹೋಗಿಯೇ ಹೋಗುತ್ತದೆ. 12 ಇದ್ದವಳು ಅದನ್ನು ತಡೆದುಕೊಳ್ಳುತ್ತಾಳೆ. 7 ಇದ್ದವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಕುತ್ತು. ಮಗು ತೂಕ ಕಡಿಮೆಯಾಗಿ ಹುಟ್ಟುವುದು, ದಿನ ತುಂಬುವ ಮೊದಲೇ ಹುಟ್ಟುವುದು ಇದಕ್ಕೆ ಸೇರಿಕೊಂಡ ತೊಂದರೆಗಳು.

ಲಕ್ಷಣಗಳು ಮೆಲ್ಲಗೆ ಬರುವುದರಿಂದ ಗೊತ್ತಾಗುವುದಿಲ್ಲ. ನೀರಿನ ಕೊಡ ಎತ್ತಿದರೆ ಏದುಸಿರು. ಸಜ್ದಾದಿಂದ ಎದ್ದಾಗ ಕಣ್ಣು ಕತ್ತಲೆ. ಸುಮ್ಮನೆ ಕುಳಿತರೂ ಎದೆ ಡವಡವ. ಕೆಳಗಿನ ಕಣ್ಣುರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಕೆಂಪಿನ ಬದಲು ಬಿಳಿಚು. ಕೆಲವು ಹೆಣ್ಣುಮಕ್ಕಳು ಹಸಿ ಅಕ್ಕಿ, ಮಣ್ಣು, ಬೂದಿ ಕದ್ದು ತಿನ್ನುತ್ತಾರೆ. ಅದನ್ನು ಬಸುರಿಯ ಬಯಕೆ ಎಂದು ನಕ್ಕು ಬಿಡುತ್ತೇವೆ. ಕಬ್ಬಿಣದ ಕೊರತೆಯಲ್ಲಿ ಹೀಗೆ ತಿನ್ನಬೇಕೆನಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ರೊಟ್ಟಿಯ ಲೆಕ್ಕ

ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ತಿಂಗಳ ಮುಟ್ಟು ಇರುವುದರಿಂದ ಹೆಂಗಸರ ದೇಹದಿಂದ ಗಂಡಸರಿಗಿಂತ ಹೆಚ್ಚು ಕಬ್ಬಿಣ ಹೋಗುತ್ತದೆ, ಸರಾಸರಿ ದಿನಕ್ಕೆ ಒಂದೂವರೆ ಮಿಲಿಗ್ರಾಂ. ಇದು ಬಹಳ ಸಣ್ಣ ಅಳತೆ ಎನಿಸಬಹುದು. ಆದರೆ ಅಷ್ಟನ್ನು ಮತ್ತೆ ತುಂಬಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಇರುವ ಆಹಾರ ಬೇಕೆಂದು ಹೇಳಿದೆ. ಗಂಡಸರಿಗೆ 19 ಸಾಕು. ಒಂದೂವರೆ ಎಲ್ಲಿ, 29 ಎಲ್ಲಿ? ನಡುವಿನ ವ್ಯತ್ಯಾಸದಲ್ಲೇ ಗುಟ್ಟು ಇರುವುದು. ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಮಾತ್ರ ದೇಹಕ್ಕೆ ಸೇರುತ್ತದೆ. ಉಳಿದದ್ದು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಈಗ ರೊಟ್ಟಿಯ ಲೆಕ್ಕ ಹಾಕೋಣ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ. ಅದರಲ್ಲಿ ಐದು ಪಾಲು ಎಂದರೆ ದೇಹಕ್ಕೆ ಸಿಕ್ಕಿದ್ದು 0.2 ಮಿಲಿಗ್ರಾಂ. ಸಜ್ಜೆಯಲ್ಲಿ ಇದಕ್ಕಿಂತ ಹೆಚ್ಚು, ನೂರು ಗ್ರಾಂಗೆ 6 ಮಿಲಿಗ್ರಾಂ ದಾಟುತ್ತದೆ. ರಾಗಿ ಜೋಳಕ್ಕಿಂತ ತುಸು ಮೇಲು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ.

ಇಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಂದು ಮಾತು ಹೇಳಲೇಬೇಕು. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಈದ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರು ಬಹಳ ಜನ ಇದ್ದೀರಿ. ಉತ್ತರ ಕರ್ನಾಟಕದ ಹಳ್ಳಿ ಹಿಂದೆ ಹೇಗಿತ್ತು ಎಂಬುದನ್ನು ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಆ ಹಳ್ಳಿಯ ಮುಖ್ಯ ಊಟ ಜೋಳದ ರೊಟ್ಟಿ. ಇಂದು ಹೊರಗೆ ಬಂದು ಹೆದ್ದಾರಿಯ ಎರಡೂ ಬದಿಯ ಹೊಲ ನೋಡಿದರೆ ಬಹಳಷ್ಟು ಕಡೆ ಗೋವಿನಜೋಳ, ಹತ್ತಿ. ಗೋವಿನಜೋಳ ಹೆಚ್ಚಾಗಿ ಕೋಳಿ, ದನಗಳ ಮೇವಿಗೆ ಹೋಗುತ್ತದೆ. ನಮ್ಮ ಅಡುಗೆಮನೆಗೆ ಬರುವುದು ಅಕ್ಕಿ. ರೊಟ್ಟಿ ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿದಿದೆ. ಮಕ್ಕಳು ಅದನ್ನೂ ಬಿಟ್ಟು ಅನ್ನ ಕೇಳುತ್ತಾರೆ. ರೊಟ್ಟಿ ಹೋದರೆ ಅದರ ಜೊತೆಗಿದ್ದ ಕಾಳಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಹಸಿ ತೊಪ್ಪಲು ಎಲ್ಲವೂ ತಟ್ಟೆ ಬಿಟ್ಟು ಹೋಗುತ್ತವೆ. ಅನ್ನದ ಜೊತೆ ನೀರಾದ ಸಾರು ಸಾಕಾಗುತ್ತದೆ. ರಕ್ತದ ವಿಷಯದಲ್ಲಿ ನಮಗಾದ ನಷ್ಟ ರೊಟ್ಟಿಯದ್ದಕ್ಕಿಂತ ಅದರ ಬಳಗದ್ದೇ ಹೆಚ್ಚು ಎಂದು ನನಗೆ ಅನಿಸುತ್ತದೆ. ಹುರುಳಿಯಲ್ಲಿ ನೂರು ಗ್ರಾಂಗೆ 8 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಇದೆ. ಮಸೂರ್ ಬೇಳೆಯಲ್ಲಿ 7ರ ಮೇಲೆ. ಎಳ್ಳು, ಗುರೆಳ್ಳು ಇನ್ನೂ ಶ್ರೀಮಂತ. ರಾಜಗಿರಿ, ನುಗ್ಗೆಸೊಪ್ಪು, ಪುಂಡಿ ಎಲ್ಲವೂ ಪಾಲಕ್‌ಗಿಂತ ಕಡಿಮೆಯೇನಲ್ಲ. ದುಡ್ಡು ಕೊಟ್ಟು ಪೌಡರ್ ಡಬ್ಬ ತರುವ ಮೊದಲು ಹಿತ್ತಲಿನ ನುಗ್ಗೆ ಗಿಡವನ್ನು ಒಮ್ಮೆ ನೋಡಿ.

ಊಟ ಮುಗಿದ ಕೂಡಲೇ ಚಹಾ

ತಟ್ಟೆಯಲ್ಲಿ ಎಷ್ಟೇ ಕಬ್ಬಿಣ ಇರಲಿ, ಅದು ಕರುಳಿನಿಂದ ರಕ್ತಕ್ಕೆ ಹೋಗುವಾಗ ಅಡ್ಡ ನಿಲ್ಲುವವು ಕೆಲವು ಇವೆ. ನಮ್ಮ ಮನೆಗಳಲ್ಲಿ ಅವುಗಳಲ್ಲಿ ಮೊದಲನೆಯದು ಚಹಾ.

ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಮೊದಲಾದ ಅಂಶಗಳು ಊಟದ ಕಬ್ಬಿಣವನ್ನು ಹಿಡಿದು ಗಟ್ಟಿಯಾಗಿ ಕಟ್ಟಿಹಾಕುತ್ತವೆ. ಹಾಗೆ ಕಟ್ಟಿಕೊಂಡ ಕಬ್ಬಿಣವನ್ನು ಕರುಳು ಹೀರಿಕೊಳ್ಳಲಾರದು. ಊಟದ ಜೊತೆಗೆ ಒಂದು ಕಪ್ಪು ಚಹಾ ಕುಡಿದರೆ ಕಾಳು, ಸೊಪ್ಪು, ಧಾನ್ಯದ ಕಬ್ಬಿಣ ದೇಹಕ್ಕೆ ಸೇರುವುದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಕಾಫಿ ಸ್ವಲ್ಪ ಕಡಿಮೆ ತೊಂದರೆ ಮಾಡುತ್ತದೆ, ಆದರೆ ಅದೂ ಮಾಡುತ್ತದೆ. ಹಾಲು ಹಾಕಿದ ಚಹಾ ಆದರೂ ಈ ಗುಣ ಬಿಡುವುದಿಲ್ಲ. ಬೆಳಗ್ಗೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವುದು, ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಚಹಾ ಬರುವುದು, ಇಫ್ತಾರ್‌ನಲ್ಲಿ ಖರ್ಜೂರ ಬಾಯಿಗಿಟ್ಟು ಐದು ನಿಮಿಷಕ್ಕೆ ಚಹಾ, ಸಹ್ರಿಯ ಕೊನೆಗೆ ಮತ್ತೆ ಚಹಾ. ನಮ್ಮ ಅಭ್ಯಾಸ ಹೀಗಿದೆ.

ಚಹಾ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ ಎಂದು ಗೊತ್ತು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ ಎಂದಷ್ಟೇ ಹೇಳುತ್ತೇನೆ. ಒಂದು ಗಂಟೆ ಕಳೆದರೆ ಊಟದ ಕಬ್ಬಿಣ ಬಹುಪಾಲು ತನ್ನ ಕೆಲಸ ಮುಗಿಸಿರುತ್ತದೆ. ಸಂಜೆ ನಾಲ್ಕಕ್ಕೆ ಸವಣೂರಿನ ಖಾರದ ಜೊತೆ ಚಹಾ ಕುಡಿಯಿರಿ, ಅದರಿಂದ ಮಧ್ಯಾಹ್ನದ ಊಟಕ್ಕೆ ನಷ್ಟ ಇಲ್ಲ. ಸವಣೂರು ಎಂದ ಮೇಲೆ ಅಲ್ಲಿಯ ವೀಳ್ಯದೆಲೆಯೂ ನೆನಪಾಗುತ್ತದೆ. ಎಲೆಯ ಮೇಲೆ ನನಗೆ ತಕರಾರಿಲ್ಲ, ಅದರೊಳಗೆ ಹಾಕುವ ಅಡಿಕೆಯ ಮೇಲಿದೆ. ಅಡಿಕೆಯಲ್ಲೂ ಟ್ಯಾನಿನ್ ತುಂಬಿದೆ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸೇರಿಸಿ ಎಷ್ಟೋ ವರ್ಷಗಳಾದವು. ತಂಬಾಕು ಸೇರಿದರೆ ಇನ್ನೂ ಕೆಟ್ಟದ್ದು. ಬಸುರಿಯರಿಗೆ ಅದನ್ನು ಕೊಡಲೇಬೇಡಿ.

ಪುಟ್ಟ ಮಕ್ಕಳಿಗೆ ಚಹಾ ಕೊಡುವುದು ನಮ್ಮಲ್ಲಿ ಪ್ರೀತಿಯ ಗುರುತು. ಎರಡು ವರ್ಷದ ಮಗು ಬಟ್ಟಲು ಹಿಡಿದು ಟೋಸ್ಟ್ ಅದ್ದಿ ತಿನ್ನುವುದನ್ನು ನೋಡಿ ಅಜ್ಜ ಅಜ್ಜಿ ಖುಷಿಪಡುತ್ತಾರೆ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣ ಮಗುವಿಗೆ ಸುಮಾರು ಆರು ತಿಂಗಳು ಸಾಲುತ್ತದೆ. ಆಮೇಲೆ ಅದು ತಿನ್ನುವ ಆಹಾರದಿಂದಲೇ ಬರಬೇಕು. ಆ ಹೊತ್ತಿಗೆ ಹೊಟ್ಟೆಗೆ ಚಹಾ ಹೋದರೆ ಕಬ್ಬಿಣವೂ ಇಲ್ಲ, ಹಸಿವೂ ಇಲ್ಲ. ಈ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಕ್ಕಳಿಗೆ ಚಹಾ ಕೊಡಬೇಡಿ.

ಕಾಳು, ಧಾನ್ಯದ ಸಿಪ್ಪೆಯಲ್ಲಿ ಫೈಟೇಟ್ ಎಂಬ ಇನ್ನೊಂದು ಅಡ್ಡಿ ಇದೆ. ಅದನ್ನು ಕಡಿಮೆ ಮಾಡುವ ವಿದ್ಯೆ ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು. ಹೆಸರು, ಮಡಕಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬಂದಾಗಲೂ ಅದೇ ಆಗುತ್ತದೆ.

ಅಡ್ಡ ನಿಲ್ಲುವವು ಇದ್ದಂತೆ ಕೈ ಹಿಡಿದು ನಡೆಸುವವೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ವಿಟಮಿನ್ ಸಿ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣ ಎರಡು ಮೂರು ಪಟ್ಟು ಹೆಚ್ಚು ಸೇರುತ್ತದೆ. ಇದಕ್ಕೆ ದುಬಾರಿ ಹಣ್ಣು ಬೇಕಿಲ್ಲ. ಪೇರಲ ಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಯಾವುದೂ ಇಲ್ಲದಿದ್ದರೆ ಅರ್ಧ ಲಿಂಬೆಹಣ್ಣು. ಆದರೆ ಲಿಂಬೆಯನ್ನು ಒಲೆಯ ಮೇಲೆ ಕುದಿಯುವಾಗ ಹಿಂಡಬೇಡಿ, ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ಕೆಳಗಿಳಿಸಿ ತಟ್ಟೆಗೆ ಹಾಕಿದ ಮೇಲೆ ಹಿಂಡಿ. ಹುಳಿ ಇರುವ ಪಲ್ಯವನ್ನು ಅಲ್ಯೂಮಿನಿಯಂ ಬಿಟ್ಟು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಪಲ್ಯಕ್ಕೆ ಇಳಿಯುತ್ತದೆ. ಪಲ್ಯದ ಬಣ್ಣ ಕಪ್ಪಾಗುತ್ತದೆ ಎಂದು ಸೊಸೆಯಂದಿರು ಮೂಗು ಮುರಿಯುತ್ತಾರೆ, ಆ ಕಪ್ಪೇ ನಮಗೆ ಬೇಕಾದದ್ದು.

ಮಾಂಸದ ತುಂಡು ಯಾರ ತಟ್ಟೆಗೆ?

ಮಾಂಸದಲ್ಲಿರುವ ಕಬ್ಬಿಣದ ರೀತಿಯೇ ಬೇರೆ. ಅದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ದೇಹಕ್ಕೆ ಸೇರುತ್ತದೆ, ಚಹಾ ಅದಕ್ಕೆ ಹೆಚ್ಚು ಅಡ್ಡಿಯಾಗಲಾರದು. ಇನ್ನೊಂದು ಲಾಭ ಎಂದರೆ ಮಾಂಸದ ಜೊತೆ ತಿಂದ ಕಾಳು, ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಸೇರುತ್ತದೆ. ದಾಲ್ಚಾದಂಥ ಅಡುಗೆ ಈ ಲೆಕ್ಕದಲ್ಲಿ ಬಹಳ ಒಳ್ಳೆಯದು. ಬೇಳೆ, ಸೋರೆಕಾಯಿ, ಹುಣಸೆಹುಳಿ, ಮಾಂಸ ಎಲ್ಲ ಒಂದೇ ಪಾತ್ರೆಯಲ್ಲಿ. ಕುರಿ, ಆಡಿನ ಮಾಂಸ ಮತ್ತು ಕಲೇಜಿಯಲ್ಲಿ ಕೋಳಿಗಿಂತ ಹೆಚ್ಚು ಕಬ್ಬಿಣ ಇದೆ. ಕಲೇಜಿಯಲ್ಲಿ ವಿಟಮಿನ್ ಎ ಅತಿಯಾಗಿ ಇರುವುದರಿಂದ ಬಸುರಿಯರು, ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ, ಅದನ್ನು ಬಿಡುವುದು ಒಳ್ಳೆಯದು. ಬಾಕಿಯವರಿಗೆ ಬಕ್ರೀದ್ ದಿನದ ಕಲೇಜಿ ಒಳ್ಳೆಯ ಆಹಾರವೇ.

ಹಾಗಾದರೆ ವಾರಕ್ಕೊಮ್ಮೆ ಗೋಷ್ ತರುವ ಮನೆಯಲ್ಲಿ ಸೊಸೆಯ ರಕ್ತ ಏಕೆ 8.4? ಆ ಅತ್ತೆಗೆ ನಾನು ಮರಳಿ ಕೇಳಬಯಸುವುದು ಇಷ್ಟೇ. ಕಳೆದ ಶುಕ್ರವಾರ ಅವಳ ತಟ್ಟೆಗೆ ಎಷ್ಟು ತುಂಡು ಬಿತ್ತು? ಮೊದಲು ಗಂಡಸರ ದಸ್ತರ್‌ಖಾನ್, ಆಮೇಲೆ ಮಕ್ಕಳು, ಆಮೇಲೆ ಬಂದ ನೆಂಟರು, ಕೊನೆಗೆ ಅಡುಗೆ ಮಾಡಿದವಳು. ಅವಳ ಪಾಲಿಗೆ ಉಳಿಯುವುದು ಶೇರ್ವಾ, ಒಂದು ಎಲುಬು. ಅದನ್ನೂ ಕೆಲವೊಮ್ಮೆ ಮಗನ ತಟ್ಟೆಗೆ ಹಾಕಿಬಿಡುತ್ತಾಳೆ. ಯಾರೂ ಅವಳಿಗೆ ಬೇಡ ಎಂದಿಲ್ಲ. ಯಾರೂ ನೋಡಿಲ್ಲ, ಅಷ್ಟೇ. ದಿನಕ್ಕೆ 29 ಮಿಲಿಗ್ರಾಂ ಬೇಕಾದವಳು ಕೊನೆಗೆ ಉಣ್ಣುತ್ತಾಳೆ, 19 ಸಾಕಾದವರು ಮೊದಲು ಉಣ್ಣುತ್ತಾರೆ. ಈ ಲೇಖನ ಓದುತ್ತಿರುವ ಗಂಡಸರು ಇದ್ದರೆ ಅವರಿಗೆ ನನ್ನ ಒಂದು ಕೋರಿಕೆ. ಅಡುಗೆಯಾದ ಕೂಡಲೇ ಬಸುರಿಯ, ಬಾಣಂತಿಯ, ಬೆಳೆಯುವ ಮಗಳ ಪಾಲನ್ನು ಬೇರೆ ತೆಗೆದು ಮುಚ್ಚಿಡಲು ನೀವೇ ಹೇಳಿ. ಸೊಸೆ ತಾನಾಗಿ ತೆಗೆದಿಟ್ಟುಕೊಳ್ಳಲಾರಳು.

ಕೆಂಪಾದದ್ದೆಲ್ಲ ರಕ್ತವಲ್ಲ

ರಕ್ತ ಕಡಿಮೆ ಎಂದ ಕೂಡಲೇ ಬೀಟ್‌ರೂಟ್ ಜ್ಯೂಸ್, ದಾಳಿಂಬೆ ಶುರುವಾಗುತ್ತದೆ. ಬಣ್ಣ ಕೆಂಪು ಎಂಬುದೇ ಕಾರಣ. ಬೀಟ್‌ರೂಟ್‌ನಲ್ಲಿ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಇನ್ನೂ ಕಡಿಮೆ. ಬ್ಯಾಡಗಿ ಮೆಣಸಿನಕಾಯಿ ಕೂಡ ಕೆಂಪೇ, ಅದನ್ನು ತಿಂದು ಯಾರಿಗೂ ರಕ್ತ ಏರಿಲ್ಲ. ಖರ್ಜೂರದ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಹೇಳುತ್ತೇನೆ. ಉಪವಾಸ ಬಿಡಲು ಅದಕ್ಕಿಂತ ಒಳ್ಳೆಯದು ಕಡಿಮೆ, ದಣಿದ ದೇಹಕ್ಕೆ ಬೇಗ ಶಕ್ತಿ ಕೊಡುತ್ತದೆ, ಅದನ್ನು ತಿನ್ನುವುದು ಸುನ್ನತ್ ಕೂಡ. ಆದರೆ ಎರಡು ಮೂರು ಖರ್ಜೂರದಿಂದ ಸಿಗುವ ಕಬ್ಬಿಣ ತೀರ ಕಡಿಮೆ, ಅದನ್ನೇ ನಂಬಿ ಮಾತ್ರೆ ಬಿಡುವುದು ತಪ್ಪು. ಬೆಲ್ಲವೂ ಹಾಗೆಯೇ. ಒಂದು ಚಮಚ ಬೆಲ್ಲದಲ್ಲಿ ಅರ್ಧ ಮಿಲಿಗ್ರಾಂ ಕೂಡ ಸಿಗುವುದು ಕಷ್ಟ, ಸಕ್ಕರೆ ಕಾಯಿಲೆ ಇದ್ದವರಿಗೆ ಹಾನಿ ಬೇರೆ.

ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬೆರೆಸಿದ್ದಾರೆ ಎಂಬ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬೇಕು. ಅನ್ನಭಾಗ್ಯದ ಅಕ್ಕಿಯಲ್ಲಿ ಕಾಣುವ ಆ ಬೇರೆ ಬಣ್ಣದ ಕಾಳು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲಿ ಯಂತ್ರದಿಂದ ಮಾಡಿದ ಕಾಳು ಅದು. ನೂರು ಅಕ್ಕಿಕಾಳಿಗೆ ಒಂದರಂತೆ ಬೆರೆಸುತ್ತಾರೆ. ಸಾರವರ್ಧಿತ ಅಕ್ಕಿ ಎಂದು ಅದಕ್ಕೆ ಹೆಸರು. ಅಂಥ ಒಂದು ಕಿಲೋ ಅಕ್ಕಿಯಲ್ಲಿ ಕನಿಷ್ಠ 28 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬ ನಿಯಮ ಇದೆ. ಆರಿಸಿ ಕೋಳಿಗೆ ಹಾಕಬೇಡಿ. ಗಂಜಿ ಬಸಿದು ಚೆಲ್ಲಲೂ ಬೇಡಿ.

ಮಾತ್ರೆಯನ್ನು ಮೂಲೆಗೆ ಹಾಕಬೇಡಿ

ಇಷ್ಟೆಲ್ಲ ಆಹಾರದ ಬಗ್ಗೆ ಹೇಳಿ ಈಗ ಅದರ ಮಿತಿಯನ್ನೂ ಹೇಳುವುದು ನನ್ನ ಹೊಣೆ. ಒಂದು ಬಸುರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು ಒಂದು ಗ್ರಾಂ, ಅಂದರೆ ಸಾವಿರ ಮಿಲಿಗ್ರಾಂ. ಅದು ಮಗುವಿಗೆ, ಮಾಸಿಗೆ, ಅವಳ ಹೆಚ್ಚುವ ರಕ್ತಕ್ಕೆ, ಹೆರಿಗೆಯ ನಷ್ಟಕ್ಕೆ. ನೂರು ಗ್ರಾಂ ಹಿಟ್ಟಿನ ರೊಟ್ಟಿಯಿಂದ 0.2 ಮಿಲಿಗ್ರಾಂ ಸೇರುತ್ತದೆ ಎಂದು ಮೇಲೆ ನೋಡಿದೆವು. ಸರಕಾರಿ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಅದರಲ್ಲಿ ಹತ್ತನೇ ಒಂದು ಪಾಲು ಸೇರಿದರೂ 6 ಮಿಲಿಗ್ರಾಂ. 12 ಇರುವವಳು 12ರಲ್ಲೇ ಉಳಿಯಲು ಒಳ್ಳೆಯ ಊಟ ಸಾಕು. 8ಕ್ಕೆ ಇಳಿದವಳನ್ನು ಹೆರಿಗೆಯ ಒಳಗೆ ಮೇಲೆ ತರಲು ಊಟ ಒಂದೇ ಸಾಲದು, ಮಾತ್ರೆ ಬೇಕೇ ಬೇಕು. ಊಟ ಅದರ ಜೊತೆಗಾರ.

ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಈ ಮಾತ್ರೆಯನ್ನು ಆಶಾ ಕಾರ್ಯಕರ್ತೆ, ನರ್ಸಮ್ಮ ಉಚಿತವಾಗಿ ಕೊಡುತ್ತಾರೆ. ರಕ್ತಹೀನತೆ ಇದ್ದರೆ ವೈದ್ಯರು ಎರಡು ನುಂಗಲು ಹೇಳುತ್ತಾರೆ. ಹೈಸ್ಕೂಲು ಹುಡುಗ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ. ಆದರೆ ಎಷ್ಟೋ ಮನೆಗಳಲ್ಲಿ ಮಾತ್ರೆಯ ಪಟ್ಟಿ ಕಿಟಕಿಯ ಮೂಲೆಯಲ್ಲಿ ಹಾಗೇ ಇರುತ್ತದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದೆ ಎಂಬ ಮಾತು. ಮಲ ಕಪ್ಪಾಗುವುದು ನಿಜ, ಅದು ಸೇರದೆ ಉಳಿದ ಕಬ್ಬಿಣ, ಭಯ ಬೇಡ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಹೊಟ್ಟೆ ತೊಳಸುವುದಾದರೆ ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ನುಂಗಿ. ನೀರಿನಲ್ಲಿ ನುಂಗಿ, ಲಿಂಬೆ ಶರಬತ್ತಾದರೆ ಇನ್ನೂ ಒಳ್ಳೆಯದು. ಹಾಲು, ಚಹಾದ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಯೇ ನುಂಗುವವರು ಬಹಳ, ಒಂದು ಇನ್ನೊಂದನ್ನು ತಡೆಯುತ್ತದೆ. ಕನಿಷ್ಠ ಎರಡು ಗಂಟೆ ಅಂತರ ಇರಲಿ. ಮಾತ್ರೆ ಸಣ್ಣ ಮಕ್ಕಳ ಕೈಗೆ ಸಿಗದಂತೆ ಮೇಲಿಡಿ. ಚಾಕಲೇಟು ಎಂದುಕೊಂಡು ಮಗು ನಾಲ್ಕಾರು ನುಂಗಿದರೆ ಅದು ವಿಷವಾಗುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು.

ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆ ಇದೆ. ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಅದರಲ್ಲಿ ಸೇರಿವೆ. ನಮ್ಮ ಹೆಣ್ಣುಮಕ್ಕಳು ಹೋಗಿ ಕುಳಿತು ಉಣ್ಣಲು ಹಿಂಜರಿಯುತ್ತಾರೆ. ಮನೆಯ ಹಿರಿಯರೊಬ್ಬರು ನಾಲ್ಕು ದಿನ ಜೊತೆಗೆ ಹೋದರೆ ಹಿಂಜರಿಕೆ ಹೋಗುತ್ತದೆ.

ಬಾಣಂತನದ ನಲವತ್ತು ದಿನದ ಪಥ್ಯದಲ್ಲಿ ಒಳ್ಳೆಯದೂ ಇದೆ, ಬಿಡಬೇಕಾದದ್ದೂ ಇದೆ. ಅಚ್ವಾನಿ, ಒಣಹಣ್ಣು, ಎಲುಬಿನ ಶೇರ್ವಾ ಇರಲಿ. ಸೊಪ್ಪು ತಂಡಿ, ಹಣ್ಣು ತಂಡಿ, ಕಾಳು ವಾಯು ಎಂದು ಬರೀ ಅನ್ನ ತುಪ್ಪ ಕೊಡುವುದರಿಂದ ಮಾತ್ರ ಹೆರಿಗೆಯಲ್ಲಿ ಹೋದ ರಕ್ತ ಮರಳುವುದಿಲ್ಲ. ಪೇರಲ ಹಣ್ಣು ತಿಂದ ತಾಯಿಯಿಂದ ಮಗುವಿಗೆ ನೆಗಡಿ ಬರುವುದಿಲ್ಲ.

ರಮಝಾನ್ ಬಂದಾಗ ರಕ್ತ ಕಡಿಮೆ ಇರುವ ಬಸುರಿಯರು ಉಪವಾಸದ ಬಗ್ಗೆ ಮೊದಲು ವೈದ್ಯರನ್ನು, ಆಮೇಲೆ ನಿಮ್ಮ ಮಸೀದಿಯ ಆಲಿಮರನ್ನು ಕೇಳಿ. ಕಾಯಿಲೆಯವರಿಗೆ ಬೇರೆ ದಿನಗಳಲ್ಲಿ ಎಣಿಕೆ ತುಂಬುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಅದನ್ನು ಬಳಸಿಕೊಳ್ಳುವುದನ್ನು ಈಮಾನಿನ ಕೊರತೆ ಎಂದು ಯಾರೂ ಚುಚ್ಚಬಾರದು. ಉಪವಾಸ ಇರುವವರು ಮಾತ್ರೆಯನ್ನು ತರಾವೀಹ್ ನಂತರ ಮಲಗುವಾಗ ನುಂಗಿದರೆ ಆಯಿತು.

ಮಾತ್ರೆ ಸರಿಯಾಗಿ ನುಂಗಿದರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ ಕೊಕ್ಕೆಹುಳು ಇರಬಹುದು, ಅದು ಕರುಳಿಗೆ ಅಂಟಿ ರಕ್ತ ಹೀರುತ್ತದೆ. ಜಂತುಹುಳುವಿನ ಮಾತ್ರೆ ಒಂದೇ ಸಾಕು, ಬಸುರಿಯರು ಮೂರು ತಿಂಗಳು ಕಳೆದ ಮೇಲೆ ವೈದ್ಯರನ್ನು ಕೇಳಿ ನುಂಗಬೇಕು. ಮುಟ್ಟು ಏಳೆಂಟು ದಿನ ಹೆಚ್ಚಾಗಿ ಹೋಗುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ. ಸಂಬಂಧದಲ್ಲೇ ಮದುವೆ ಆಗುವ ಮನೆಗಳಲ್ಲಿ ಥಲಸೇಮಿಯಾ ಎಂಬ ವಂಶದ ರಕ್ತದೋಷ ಇರಬಹುದು. ಅಂಥವರಿಗೆ ಕಬ್ಬಿಣ ಕೊಟ್ಟರೆ ಉಪಯೋಗ ಇಲ್ಲ, ಕೆಲವರಿಗೆ ಹಾನಿ. ಅದಕ್ಕೆ ಬೇರೆ ರಕ್ತ ಪರೀಕ್ಷೆ ಇದೆ, ಅದನ್ನು ನಿಕಾಹ್‌ಗೆ ಮೊದಲೇ ಮಾಡಿಸುವುದು ಜಾಣತನ. ಐವತ್ತು ದಾಟಿದ ಗಂಡಸಿಗೆ ರಕ್ತ ಕಡಿಮೆಯಾದರೆ ಅದನ್ನು ಊಟದ ಮೇಲೆ ಹಾಕಬೇಡಿ, ಹೊಟ್ಟೆ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು.

ಇನ್ನು ಆ ಮನೆಯ ಸೊಸೆಗೆ ನಾಳೆಯಿಂದ ಏನು ಬದಲಾಗಬೇಕು? ಬೆಳಗ್ಗೆ ರೊಟ್ಟಿಗೆ ಚಹಾ ಬದಲು ಗುರೆಳ್ಳು ಚಟ್ನಿ, ಮೊಸರು; ಚಹಾ ಹತ್ತು ಗಂಟೆಗೆ. ಮಧ್ಯಾಹ್ನ ಮೊಳಕೆ ಮಡಕಿಯ ಪಲ್ಯ, ಮೇಲೆ ಲಿಂಬೆ, ಊಟವಾದ ಮೇಲೆ ಅರ್ಧ ಪೇರಲ. ಶುಕ್ರವಾರ ಅವಳ ಪಾಲಿನ ನಾಲ್ಕು ತುಂಡು ಬೇರೆ ಬಟ್ಟಲಲ್ಲಿ. ರಾತ್ರಿ ಮಲಗುವಾಗ ವೈದ್ಯರು ಹೇಳಿದಷ್ಟು ಮಾತ್ರೆ, ನೆನಪು ಮಾಡುವ ಕೆಲಸ ಗಂಡನದು. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅತ್ತೆಯೇ ಜೊತೆಗೆ ಹೋಗಲಿ, ತಾಯಿ ಕಾರ್ಡಿನಲ್ಲಿ 8.4ರ ಕೆಳಗೆ ಬರೆಯುವ ಹೊಸ ಅಂಕಿಯನ್ನು ಅವರೇ ಕೇಳಿ ತಿಳಿದುಕೊಂಡು ಬರಲಿ.